ಹೆಪ್ಪು ಕೇಳಲು ಹೋದ ಬೀದಿ

ಸಾನಿಕಾ ಐದನೆಯ ಮನೆಯ ಬಾಗಿಲು ಬಡಿದಳು. ಕೈಯಲ್ಲಿ ಸಣ್ಣ ಸ್ಟೀಲ್ ಬಟ್ಟಲಿತ್ತು.

"ಯಾರಾದ್ರೂ ಇದ್ದೀರಾ? ಒಂದು ಚಮಚ ಹೆಪ್ಪು ಬೇಕಿತ್ತು."

ಬಾಗಿಲು ತೆರೆಯಲಿಲ್ಲ. ಪಕ್ಕದ ಕಿಟಕಿಯ ಪರದೆ ಸರಿಯಿತು. ಗಾಜಿನಾಚೆ ಒಬ್ಬ ಹುಡುಗಿ ಕುರ್ಚಿಯ ಮೇಲೆ ಕಾಲು ಮಡಚಿ, ಮೊಣಕಾಲಿಗೆ ಗದ್ದವೂರಿ ಕೂತಿದ್ದಳು.

"ಅಮ್ಮ ಬರೋವರೆಗೂ ಬಾಗಿಲು ತೆಗೀಬಾರ್ದು."

ಹಿಂದಿನ ನಾಲ್ಕು ಮನೆಗಳಲ್ಲೂ ಇದೇ ಮಾತು. ಮಕ್ಕಳು ಬೇರೆ, ಕೂತ ಭಂಗಿ ಇದೇ. ಬೀದಿ ಚೊಕ್ಕವಾಗಿತ್ತು. ಹೊಂಗೆಮರಗಳಿದ್ದವು, ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಮುಂದಿನ ಗೇಟಿನ ಮೇಲೆ ತನ್ನದೇ ಹೆಸರು ಕಂಡು ಅವಳು ನಿಂತಳು. ಆ ಮನೆಯ ಕಿಟಕಿಯಲ್ಲಿ ಅವಳ ಮಗಳು ನೇಸರ ಕೂತಿದ್ದಳು.

"ನೇಸರ, ಬಾಗಿಲು ತೆಗಿ ಪುಟ್ಟಿ."

"ಅಮ್ಮ ಬರೋವರೆಗೂ ತೆಗೀಬಾರ್ದು."

"ನಾನೇ ಕಣೇ ಅಮ್ಮ!"

ಹುಡುಗಿ ಅವಳನ್ನು ದಿಟ್ಟಿಸಿದಳು. "ಎಲ್ರೂ ಹಾಗೇ ಅಂತಾರೆ."

ಆಮೇಲೆ ನೇಸರಳಿಗೆ ಕೆಮ್ಮು ಬಂತು. ಎದೆಯಿಂದ ಉಬ್ಬಸದ ಆ ಹಳೆಯ ಸಿಳ್ಳೆ ಎದ್ದಿತು. ಕೈಯಲ್ಲಿದ್ದ ಇನ್‌ಹೇಲರ್ ಒತ್ತಿದಳು, ಖಾಲಿ. ಸಾನಿಕಾ ಗಾಜನ್ನು ಗುದ್ದಿದಳು, ನೆರೆಮನೆಗಳತ್ತ ತಿರುಗಿ ಕೂಗಿದಳು. ಐದು ಕಿಟಕಿಗಳಲ್ಲಿ ಐದು ಮಕ್ಕಳು ನೋಡುತ್ತಾ ಕೂತಿದ್ದರು. ಒಂದು ಬಾಗಿಲೂ ತೆರೆಯಲಿಲ್ಲ.

ಸಾನಿಕಾ ತನ್ನ ಹಣೆಗೆ ಕಟ್ಟಿದ್ದ ಪಟ್ಟಿಯನ್ನು ಕಿತ್ತೆಸೆದಳು.

ಬೀದಿ ಅಳಿಸಿಹೋಯಿತು. ಎದುರಿಗೆ ಮೈಸೂರಿನ ಪ್ರಯೋಗಾಲಯದ ಕೋಣೆ, ಗಂಡ ಚಿರಂತ್, ಮತ್ತು ಯಂತ್ರವನ್ನು ಕಂಡುಹಿಡಿದ ಡಾ. ಪ್ರೀತಮ್ ಅರಸ್.

ಮನೆ ಕೊಳ್ಳುವವರು ಬಿಸಿಲಲ್ಲಿ ಬಡಾವಣೆಯಿಂದ ಬಡಾವಣೆಗೆ ಅಲೆಯುತ್ತಿದ್ದ ಕಾಲ ಹಿಂದಾಗಿತ್ತು. ಈಗ ಅರಸರ ನೆಲೆಗನ್ನಡಿ ಎಂಬ ಯಂತ್ರ ಇತ್ತು. ಮನೆಮಂದಿಯ ದಿನಚರಿ, ಮಾತು, ಉಸಿರಾಟವನ್ನೂ ಬಡಾವಣೆಯವರ ಇಂಥದೇ ವಿವರಗಳನ್ನೂ ಹೆಣೆದು, ಮುಂದಿನ ವರ್ಷದ ಒಂದು ಸಂಜೆಯನ್ನು ಅದು ನೇರವಾಗಿ ಮಿದುಳಿಗೆ ತೋರಿಸುತ್ತಿತ್ತು. ಕೊನೆಗೆ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಿತ್ತು. ಅವಳು ಈಗಷ್ಟೇ ನೋಡಿದ ಸಮರಸ ಬಡಾವಣೆಗೆ ತೊಂಬತ್ತೇಳು ಬಂದಿತ್ತು.

"ನೀವ್ಯಾಕೆ ಬಾಗಿಲು ಬಡೀತಾ ಹೋದ್ರಿ?" ಅರಸ್ ಕೇಳಿದರು. "ಎಲ್ರೂ ಅಡುಗೆಮನೆ ನೋಡ್ತಾರೆ, ಪಾರ್ಕ್ ನೋಡ್ತಾರೆ."

"ನಮ್ಮಜ್ಜಿ ಇದ್ದಾಗ ಹೇಳೋರು ಸಾರ್. ಮನೆ ಹಿಡಿಯೋಕೆ ಮುಂಚೆ ಅಕ್ಕಪಕ್ಕದಲ್ಲಿ ಹೆಪ್ಪು ಕೇಳ್ಬೇಕು, ಕೊಟ್ರೆ ಮಾತ್ರ ಆ ಬೀದಿ ಅಂತ."

"ಆಯಮ್ಮ ಜನ್ಮದಲ್ಲಿ ಮೊಸರು ಕೊಂಡಿದ್ದೇ ಇಲ್ಲ ಸಾರ್," ಎಂದ ಚಿರಂತ್.

"ಆ ಬೀದೀಲಿ ದೊಡ್ಡೋರು ಯಾಕಿರಲಿಲ್ಲ?" ಎಂದಳು ಸಾನಿಕಾ.

"ಇದ್ದಾರಮ್ಮಾ. ನಿಮ್ಮಂಥೋರೇ. ಇಬ್ರೂ ದುಡಿಯೋರು, ಒಂದೇ ಮಗು, ಕತ್ತಲಾದ ಮೇಲೆ ಮನೆಗೆ ಬರೋರು. ಒಂದೇ ಥರದೋರು ಅಂತಲೇ ಅಲ್ಲಿ ಜಗಳ ಇಲ್ಲ. ಎಲ್ರೂ ನೆಲೆಗನ್ನಡಿ ನೋಡಿಯೇ ಬಂದೋರು."

"ಹಾಗಾದ್ರೆ ಎಲ್ರೂ ಒಟ್ಟಿಗೇ ಹೊರಗೆ ಹೋಗಿರ್ತಾರೆ."

ಅರಸ್ ಕನ್ನಡಕ ತೆಗೆದು ಒರೆಸಿದರು.

ಇದಕ್ಕೆ ಮೊದಲು ಇದೇ ಯಂತ್ರದಲ್ಲಿ ನೋಡಿದ ಹಳೇಗಾಣದ ಬೀದಿಗೆ ಅದು ನಲವತ್ತೊಂದು ಅಂಕ ಕೊಟ್ಟಿತ್ತು. ಅಲ್ಲಿ ನಾಯಿಗಳ ಕಾಟ, ಚರಂಡಿಯ ವಾಸನೆ. ಬಟ್ಟಲು ಹಿಡಿದು ನಿಂತ ಸಾನಿಕಾಳಿಗೆ ಒಬ್ಬ ಮುದುಕಿ ಬೈದಿದ್ದಳು: "ದೀಪ ಹಚ್ಚಿದ್ಮೇಲೆ ಹೆಪ್ಪು ಕೊಡ್ತಾರೇನೇ? ನಿಮ್ಮನೇಲಿ ಹೇಳ್ಕೊಟ್ಟಿಲ್ವಾ?" ಬೈಯುತ್ತಲೇ ಒಳಗೆ ಹೋಗಿ ಹೆಪ್ಪು ತಂದು, ಸಂಬಳ ಎಷ್ಟೆಂದೂ ಕೇಳಿದ್ದಳು. ಅದನ್ನು ಕೇಳಿ ಚಿರಂತ್‌ಗೆ ಮೈ ಉರಿದುಹೋಗಿತ್ತು.

"ಸಾರ್, ಮಕ್ಕಳು ಹೇಳಿದ್ರಲ್ಲ, ಆ ಮಾತು ಯಂತ್ರ ಕಟ್ಟಿದ್ದಾ?"

"ಯಂತ್ರ ಮಾತು ಕಟ್ಟಲ್ಲಮ್ಮಾ. ಮನೆಮನೆಯಲ್ಲಿ ಕೇಳಿದ್ದನ್ನೇ ಬಳಸುತ್ತೆ. ನಿಮ್ಮ ಮಗಳದ್ದು..." ಅವರು ಪರದೆ ನೋಡಿದರು. "ಇವತ್ತು ಬೆಳಿಗ್ಗೆ ನೀವೇ ಅವಳಿಗೆ ಹೇಳಿದ್ದು."

ಹೊರಗೆ ಬೆಟ್ಟದ ದೀಪಗಳು ಹತ್ತುತ್ತಿದ್ದವು. ಅವರ ಈಗಿನ ಬಾಡಿಗೆಮನೆಯಲ್ಲಿ ನೇಸರ ಒಬ್ಬಳೇ ಇದ್ದಳು. ಸಾನಿಕಾ ಚೀಲ ಎತ್ತಿಕೊಂಡಳು.

"ಚಿರಂತ್, ಈಗ ನಮ್ಮ ಪಕ್ಕದ ಮನೇಲಿರೋರ ಹೆಸರೇನು?"

"ಅದೇ... ಆ ಬಿಳಿ ಕಾರಿನೋರು," ಎಂದ ಚಿರಂತ್.

"ನಿಮ್ಮ ಆತಂಕಕ್ಕೆ ಪರಿಹಾರ ಇದೆ," ಅರಸ್ ಮೇಜಿನ ಮೇಲೆ ಸಮರಸದ ಮನೆಯ ಬೀಗದ ಕೈ ಇಟ್ಟರು. "ಸಂಜೆ ಹೊತ್ತು ಎದುರುಮನೆ ಜಗಲಿ ಮೇಲೆ ನಿಮ್ಮಜ್ಜಿಯನ್ನೇ ಕೂರಿಸ್ತೀವಿ. ಬೆಳಕಿನಲ್ಲಿ ಮಾಡಿದ ರೂಪ, ಆದ್ರೆ ಥೇಟ್ ಅವರೇ. ಅವರದೇ ದನಿ. ಮಗು ಜೊತೆ ಮಾತಾಡ್ತಾ ಇರ್ತಾರೆ."

"ಮಗೂಗೆ ಉಸಿರು ಕಟ್ಟಿದ್ರೆ ಎದ್ದು ಬರ್ತಾರಾ?"

"ಎದ್ದು ಬರೋಕೆ... ಅದು ಬರೀ ಬೆಳಕಮ್ಮಾ."

"ಸಾನಿ, ತೊಂಬತ್ತೇಳು ಕಣೇ," ಚಿರಂತ್ ಬೀಗದ ಕೈಯನ್ನು ಅವಳತ್ತ ಸರಿಸಿದ. "ಇಂಥದ್ದು ಮತ್ತೆ ಸಿಗಲ್ಲ."

"ಬೇಡ," ಎಂದಳು ಸಾನಿಕಾ. "ಬೈದ್ರೂ ಎದ್ದು ಬರೋರು ಬೇಕು."