ತಾಟಿನಲ್ಲಿ ಉಳಿದ ಅರ್ಧ

"ಸಾಕು."

ಹುಲಗೇಶ ತಾಟನ್ನು ಸರಿಸಿದ. ಮೆತ್ತಗೆ ಕುದಿಸಿದ ಜೋಳದ ನುಚ್ಚು, ಹೆಸರುಬೇಳೆ, ಒಂದು ತತ್ತಿ... ಎಲ್ಲವೂ ಸರಿಯಾಗಿ ಅರ್ಧ ಉಳಿದಿದ್ದವು.

ವಿಜಯಶ್ರೀ ಗಂಡನ ಮುಖವನ್ನೇ ನೋಡಿದಳು. ಅವನು ಕಣ್ಣು ತಪ್ಪಿಸಿದ.

"ಇನ್ನೆರಡು ತುತ್ತು ಉಣ್ರಿ. ಬಾಯಿಹುಣ್ಣು ಉರೀಬಾರದಂತ ಖಾರಾನೂ ಹಾಕಿಲ್ಲ."

"ಸಾಕಂದ್ನೆಲ್ಲ."

ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವನ ತೂಕ ನಲವತ್ತೆಂಟಕ್ಕೆ ಇಳಿದಿತ್ತು. ಇನ್ನೊಂದು ಕಿಲೋ ಇಳಿದರೆ ಗುರುವಾರದ ಕಿಮೊ ಕೊಡಲಾಗುವುದಿಲ್ಲ ಎಂದಿದ್ದರು ಡಾಕ್ಟರು. ಇವತ್ತು ಸೋಮವಾರ.

ಮೂರು ವರ್ಷದ ಹಿಂದೆ, ಅವಳು ಹಿಮಾಯತ್‌ನಗರದಲ್ಲಿ ಕಟ್ಟಡದ ಕೆಲಸಕ್ಕೆ ಹೋದ ಮೊದಲ ದಿನ, ಗೋಡೆ ಕಟ್ಟುತ್ತಿದ್ದ ಗುರುತಿಲ್ಲದ ಗೌಂಡಿಯೊಬ್ಬ ಅವಳ ಬುತ್ತಿಯ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಿದ್ದ. ಅವಳು ಸಿಟ್ಟಿನಿಂದ ಎದ್ದು ನಿಂತರೆ, "ಈ ಕೈ ರೊಟ್ಟಿ ಜೀವಮಾನ ಉಣ್ತೀನಿ" ಎಂದು ನಕ್ಕಿದ್ದ.

'ಅದೇ ಕೈಯಡುಗೆ ಈಗ ಬೇಡವಾಯಿತೇ? ಇಲ್ಲಾ... ಬದುಕುವುದೇ ಬೇಡವೆನಿಸಿತೇ?'

ಕಾಚಿಗೂಡದ ಆ ಒಂದೇ ಕೋಣೆಯ ಮನೆಯಲ್ಲಿ ಅಳಲು ಮರೆಯೂ ಇರಲಿಲ್ಲ. ಮದುವೆಯಾದಾಗಿನಿಂದ ಮಾಡುತ್ತ ಬಂದಂತೆ, ಅವನುಂಡು ಬಿಟ್ಟ ತಾಟನ್ನು ಮುಂದಿಟ್ಟುಕೊಂಡು ಕುಳಿತಳು. ಎತ್ತಿದ ತುತ್ತನ್ನು ಮತ್ತೆ ತಾಟಿಗೇ ಇಟ್ಟಳು.

"ನನ್ನ ಬಿಟ್ಟು ಹೋಗಬೇಕಂತ ಮಾಡೀರೇನು?" ಕಡೆಗೂ ಕೇಳಿಬಿಟ್ಟಳು. "ಹಂಗಿದ್ರ ಹೇಳಿಬಿಡ್ರಿ. ದಿನಾ ಅರ್ಧರ್ಧ ಯಾಕ ಸಾಯಾಕತ್ತೀರಿ?"

ಹುಲಗೇಶ ಅವಳತ್ತ ತಿರುಗಿದ.

"ನಾ ಪೂರಾ ಉಂಡ್ರ ನೀ ಏನ್ ಉಣ್ತಿ?"

"ಏನು?"

"ಗಡಿಗಿ ನೋಡೀನಿ, ವಿಜಿ. ನನಗಷ್ಟ ಬೇಯಿಸಿ ತೊಳದಿಡತಿ. ನಿನ್ನ ಬಳೆಗೋಳು ಮುಂಗೈಯಾಗ ನಿಲ್ಲವಲ್ಲವು. ನಾ ಬಿಟ್ಟಷ್ಟ ನಿನ್ನ ಊಟ..." ಅವನು ತಾಟಿನತ್ತ ಬೆರಳು ತೋರಿದ. "ಹೆಂಗ ಬಿಡದಂಗ ಉಣ್ಲಿ?"

ಕೈಯಲ್ಲಿದ್ದ ದುಡ್ಡು ಅವನ ಹಾಲು, ತತ್ತಿಗೇ ಆಗಲಿ ಎಂದು ತನ್ನ ಹಸಿವನ್ನು ಮುಚ್ಚಿಟ್ಟಿದ್ದಳು. ಮುಚ್ಚಿಟ್ಟಿದ್ದೇ ಅವನ ಊಟಕ್ಕೆ ಅಡ್ಡವಾಗಿತ್ತು!

ವಿಜಯಶ್ರೀ ಕಣ್ಣೊರೆಸಿಕೊಂಡು ಎದ್ದಳು. ಕೈ ತೊಳೆದು, ಎರಡು ಹಿಡಿ ನುಚ್ಚನ್ನು ಹೊಸದಾಗಿ ಒಲೆಯ ಮೇಲಿಟ್ಟಳು. ಬೆಂದ ಮೇಲೆ ಎದುರೆದುರು ಎರಡು ತಾಟು ಹಾಕಿದಳು. ಆದರೂ ಅವಳ ಕೈ ಹಿಂಜರಿಯಿತು.

"ಗಂಡಗಿಂತ ಮೊದಲ ಉಣಬಾರದು ಅಂತಾರ್ರಿ."

"ಮೊದಲ ಬ್ಯಾಡ. ಜೋಡಿ ಉಣ್ಣು."

ಅವಳ ತುತ್ತು ಬಾಯಿಗೆ ಹೋಗುವವರೆಗೂ ಅವನು ಕಾದ. ಆಮೇಲೆ ತಾನೊಂದು ತುತ್ತು. ನುಂಗುವಾಗ ಮುಖ ಕಿವುಚಿದ... ಆದರೆ ನಿಲ್ಲಿಸಲಿಲ್ಲ. ಇಬ್ಬರ ತಾಟಿನ ತಳವೂ ಕಂಡಿತು.

"ಗುರುವಾರ ತೂಕ ಇಳಿದಿದ್ರ?" ಅವಳು ಮೆಲ್ಲಗೆ ಕೇಳಿದಳು.

"ನಿನ್ನನ್ನೂ ತೂಕಕ್ಕ ನಿಂದರಸ್ತೀನಿ. ಇಬ್ಬರದೂ ಇಳೀಬಾರದು."

"ರೊಟ್ಟಿ ಕದ್ದಾಂವಗ ಎಷ್ಟ ಸೊಕ್ಕು ನೋಡು."

"ಜೀವಮಾನ ಅಂದಿದ್ನೆಲ್ಲ, ವಿಜಿ..." ಹುಲಗೇಶ ಅವಳ ಸಡಿಲ ಬಳೆಗಳನ್ನು ಮೆಲ್ಲಗೆ ಮೇಲೇರಿಸಿದ. "ಅದಿನ್ನೂ ಮುಗಿದಿಲ್ಲ."