ಹಲಗೆಗೆ ಕಟ್ಟಿದ ಗರಿ

2023ರ ಮಾರ್ಚ್ 26, ಭಾನುವಾರ, ಬೆಳಿಗ್ಗೆ 9.20. ಸ್ಥಳ, ಸ್ಯಾನ್ ಡಿಯಾಗೊ ಪೊಲೀಸ್ ಠಾಣೆ. ದೂರುದಾರ ಉಮಾಶಂಕರ, ಟೆಲಿಕಾಂ ಎಂಜಿನಿಯರ್, ವಾಸ ಸ್ಕ್ರಿಪ್ಸ್ ರ್ಯಾಂಚ್. ಕಳುವಾದದ್ದು ಆಳುದ್ದದ ಒಂದು ಕೆತ್ತನೆ ಹಲಗೆ. ಠಾಣೆಯಲ್ಲಿ ಕನ್ನಡದ ಡಿಟೆಕ್ಟಿವ್ ಇದ್ದಾರೆಂದು ಅವರಿಗೆ ಯಾರೋ ಹೇಳಿದ್ದರಂತೆ. ಹಾಗಾಗಿ ಭಾನುಮತಿ ಬರುವವರೆಗೆ ಕೌಂಟರಿನವರ ಜೊತೆ ತುಟಿ ಪಿಟಕ್ಕೆನ್ನಲಿಲ್ಲ.

“ಮೊದಲು ಎಫ್‌ಐಆರ್ ಮಾಡಿ ಮೇಡಂ.”

“ಇಲ್ಲಿ ಅದನ್ನ ರಿಪೋರ್ಟ್ ಅಂತಾರೆ ಸರ್. ಕೂತ್ಕೊಳ್ಳಿ. ಯಾರ ಮೇಲಾದ್ರೂ ಅನುಮಾನ ಇದ್ಯಾ?”

“ಅನುಮಾನ ಏನು ಬಂತು, ಗ್ಯಾರಂಟಿನೇ. ಮಾರ್ತಾ ಅಂತ, ಇಂಡೋನೇಷ್ಯಾದವಳು. ಮೀರಾ ಮೆಸಾದ ಏಷ್ಯನ್ ಅಂಗಡೀಲಿ ಮೀನು ಕೊಯ್ತಾಳೆ. ಅರೆಸ್ಟ್ ಮಾಡಿ ಅವರ ದೇಶಕ್ಕೆ ವಾಪಸ್ ಕಳ್ಸಿ, ಬುದ್ಧಿ ಬರುತ್ತೆ.”

“ಹಲಗೆ ಎಲ್ಲೀದು?”

“ಅವಳ ಊರಿಂದೇ. ಆದ್ರೆ ನಾನು ದುಡ್ಡು ಕೊಟ್ಟು ತಂದಿದ್ದು, ರಸೀದಿ ಇದೆ.”

ಇಂಡೋನೇಷ್ಯಾದ ಪೂರ್ವದ ತುದಿಯ ಒಂದು ದ್ವೀಪದಲ್ಲಿ, ಉಮಾಶಂಕರ ಮತ್ತು ವುಡ್‌ಲ್ಯಾಂಡ್ ಹಿಲ್ಸ್‌ನ ಅವರ ಗೆಳೆಯ ಅರವಿಂದ ಸೇರಿ ಮೀನುಗಾರರ ಹಳ್ಳಿಯೊಂದರ ತೀರವನ್ನು ಲೀಸಿಗೆ ಪಡೆದಿದ್ದರು. ಪ್ರವಾಸಿಗರಿಗೆ ಕಾಟೇಜು ಕಟ್ಟಲು. ಕಾಗದದಲ್ಲಿ ಅದು ಖಾಲಿ ಜಾಗ. ಕಾಗದ ಬರೆದವನು ದೋಣಿಗಳೆಲ್ಲ ಕಡಲಿಗೆ ಹೋದ ಹೊತ್ತಿನಲ್ಲಿ ಬಂದು ನೋಡಿರಬೇಕು. ಊರವರು ದೋಣಿ ಎಳೆಯುತ್ತಿದ್ದುದು, ಮೀನು ಒಣಗಿಸುತ್ತಿದ್ದುದು, ಸತ್ತವರನ್ನು ಕೊನೆಯ ಬಾರಿ ಕಡಲಿಗೆ ತೋರಿಸುತ್ತಿದ್ದುದು ಎಲ್ಲವೂ ಅಲ್ಲೇ. ಊರಿನ ಹಳೆಯ ದೋಣಿಯ ಮೂತಿಗೆ ಕಟ್ಟುತ್ತಿದ್ದ ಹಲಗೆಯೂ ಅದೇ ವ್ಯವಹಾರದಲ್ಲಿ ಇವರ ಜೊತೆ ಬಂದು, ಸ್ಕ್ರಿಪ್ಸ್ ರ್ಯಾಂಚಿನ ಲಿವಿಂಗ್ ರೂಮಿನಲ್ಲಿ ಟಿವಿಯ ಎದುರಿಗೆ ನೇತಾಡುತ್ತಿತ್ತು.

ಹನ್ನೊಂದಕ್ಕೆ ಭಾನುಮತಿ ಮತ್ತು ಆಫೀಸರ್ ಗಾರ್ಸಿಯಾ ಮನೆ ತಲುಪಿದರು.

“ಪಂಚನಾಮೆಗೆ ಪಂಚರು ಬೇಕಲ್ವಾ? ಪಕ್ಕದ ಮನೆಯವ್ರನ್ನ ಕರೀಲಾ?” ಎಂದರು ಉಮಾಶಂಕರ.

“ಬೇಡ ಸರ್, ಕ್ಯಾಮೆರಾ ಸಾಕು.”

ಗೋಡೆಯಲ್ಲಿ ಕೊಕ್ಕೆ ಮಾತ್ರ ಉಳಿದಿತ್ತು. ಗಾರ್ಸಿಯಾ ಸೋಫಾದ ಕೆಳಗಿನಿಂದ ಎಳೆ ತೆಂಗಿನ ಗರಿಯೊಂದನ್ನು ಈಚೆ ತೆಗೆದ. ಅದಕ್ಕೆ ಬಾಡಿದ ಮಾವಿನೆಲೆ ಸಿಕ್ಕಿಕೊಂಡಿತ್ತು. ಗಂಟು ಹಾಗೇ ಇತ್ತು, ಗರಿ ಮಾತ್ರ ಚಾಕುವಿನಿಂದ ಕೊಯ್ದಂತೆ ತುಂಡಾಗಿತ್ತು.

“ಇದನ್ನ ಕಟ್ಟಿದ್ದು ಯಾರು?”

ಉಮಾಶಂಕರರ ಹೆಂಡತಿ ಉಷಾ ಸೆರಗಿನ ತುದಿ ತಿರುಚುತ್ತ ಹೇಳಿದರು. “ಮಾರ್ತಾನೇ. ಹೋದ ತಿಂಗಳು ಒಂದು ಪಾರ್ಟಿಗೆ ಮೀನಡುಗೆ ಮಾಡೋಕೆ ಕರೆಸಿದ್ದೆ. ಹಲಗೆ ನೋಡಿ ಗೊಳೋ ಅಂತ ಅತ್ತಳು. ವಾಪಸ್ ಕೊಡಿ ಅಂದ್ಲು, ಇವ್ರು ಕೊಡಲ್ಲ ಅಂದ್ರು. ಬುಧವಾರ ಯುಗಾದಿ ದಿನ ಗರಿ ಹಿಡ್ಕೊಂಡು ಬಂದ್ಲು. ಪಾಪ, ಸಿಟ್ಟು ಬಿಟ್ಟು ಹಬ್ಬಕ್ಕೆ ತೋರಣ ತಂದಿದ್ದಾಳೆ ಅಂತ ಒಳಗೆ ಕರೆದೆ. ಹಲಗೆಗೆ ಸುತ್ತಿ ಕಟ್ಟಿದ್ಲು. ನಾನೇ ಮಾವಿನೆಲೆ ಸಿಕ್ಕಿಸಿದೆ. ಎಷ್ಟು ಚೆನ್ನಾಗಿ ಕಾಣ್ತಿತ್ತು ಗೊತ್ತಾ?”

“ಮತ್ತೆ ಬಂದಿದ್ರಾ?”

“ಶನಿವಾರ ಮಧ್ಯಾಹ್ನ. ಗರಿ ಇದ್ಯಾ ಅಂತ ಕೇಳಿದ್ಲು. ಇದೆ ಅಂದೆ. ಹೋಳಿಗೆ ಕೊಟ್ಟು ಕಳಿಸ್ದೆ.”

ಯುಗಾದಿ ಬುಧವಾರ ಬಂದರೂ ಇಲ್ಲಿನವರ ಹಬ್ಬ ಶನಿವಾರವೇ. ಅಂದು ಮನೆ ತುಂಬ ಜನ. ಮೊದಲು ಒಳಗೆ ಭಜನೆ, ಆಮೇಲೆ ಹಿತ್ತಲಲ್ಲಿ ಊಟ. ಹಲಗೆ ಇಲ್ಲವೆಂದು ಗೊತ್ತಾದದ್ದು ಭಾನುವಾರ ಬೆಳಿಗ್ಗೆ.

ಮಾರ್ತಾ ಅಂಗಡಿಯ ಹಿಂದೆ ರಬ್ಬರ್ ಬೂಟು ತೊಳೆಯುತ್ತಿದ್ದಳು. ಅಮೆರಿಕದ ನಾವಿಕನನ್ನು ಮದುವೆಯಾಗಿ ಬಂದು ವಿಧವೆಯಾದವಳು, ಗ್ರೀನ್ ಕಾರ್ಡಿನ ಮೇಲೆ ಇದ್ದವಳು. ಕಳ್ಳತನದ ಕೇಸು ಬಿದ್ದರೆ ಅದೂ ಹೋಗಬಹುದು. ಮಾತು ನಡೆದದ್ದು ಇಂಗ್ಲಿಷಿನಲ್ಲಿ.

“ಹಲಗೆ ಎಲ್ಲಿದೆ?”

“ಅವರ ಗೋಡೆ ಮೇಲೆ.”

“ಇಲ್ಲ. ಕಳುವಾಗಿದೆ.”

ಮಾರ್ತಾ ಬೂಟು ಕೆಳಗಿಟ್ಟಳು. “ನಾನಲ್ಲ. ನನ್ನ ಕೈಲಿ ಆಗಲ್ಲ.”

“ಯಾಕೆ?”

“ಗರಿ ಕಟ್ಟಿದ್ದೀನಲ್ಲ! ನಮ್ಮಲ್ಲಿ ಅದು ಸಾಸಿ. ಕಡಲಾಗಲಿ, ತೋಟವಾಗಲಿ, ವಸ್ತುವಾಗಲಿ, ಗರಿ ಕಟ್ಟಿದರೆ ಯಾರೂ ಮುಟ್ಟೋ ಹಾಗಿಲ್ಲ. ನ್ಯಾಯ ತೀರ್ಮಾನ ಆಗಿ ಊರ ಹಿರಿಯರು ಬಿಚ್ಚೋವರೆಗೆ ಕಟ್ಟಿದವಳೂ ಮುಟ್ಟೋ ಹಾಗಿಲ್ಲ. ಅವನು ಹೆದರಲಿ ಅಂತ ಕಟ್ಟಿದೆ. ಅವನ ಹೆಂಡತಿ ಅದಕ್ಕೆ ಎಲೆ ಸಿಕ್ಕಿಸಿ ಫೋಟೋ ತೆಗೆದಳು. ನನ್ನ ಬುದ್ಧಿಗೆ ಮಣ್ಣು ಹಾಕ! ಕಟ್ಟದೇ ಇದ್ದಿದ್ದರೆ ನಾನೇ ಕದ್ದುಬಿಡುತ್ತಿದ್ದೆ.”

ಭಾನುಮತಿ ಫೋನಿನಲ್ಲಿ ಗರಿಯ ಚಿತ್ರ ತೋರಿಸಿದಳು. ಮಾರ್ತಾ ಅದನ್ನು ಹತ್ತಿರ ಹಿಡಿದು ನೋಡಿದಳು. ಮುಖ ಕಪ್ಪಿಟ್ಟಿತು.

“ಚಾಕು ಹಾಕಿದ್ದಾರೆ. ನಮ್ಮವರು ಯಾರೂ ಗರಿಗೆ ಚಾಕು ಹಾಕಲ್ಲ. ಇದು ನಿಮ್ಮವರ ಕೆಲಸ.”

ನಿಮ್ಮವರು ಎಂದದ್ದು ಭಾನುಮತಿಗೆ ಚುರುಕ್ಕೆಂದಿತು. ಆದರೆ ಮಾತು ಸರಿಯಾಗಿತ್ತು.

ಸೋಮವಾರ ಬಾಗಿಲ ಕ್ಯಾಮೆರಾದ ವಿಡಿಯೊ ನೋಡಿದರು. ಶನಿವಾರ ಮಾರ್ತಾ ಹೊಸ್ತಿಲು ದಾಟಿರಲಿಲ್ಲ. ಸಂಜೆ ಅತಿಥಿಗಳು ಸಾರಿನ ಡಬ್ಬಿ, ಹೋಳಿಗೆಯ ಡಬ್ಬಿ ಹಿಡಿದು ಹೊರಟಿದ್ದರು. ಭಜನೆಗೆ ಹಾಸಿದ್ದ ಜಮಖಾನಗಳು ಅರವಿಂದನವು. ಎಲ್ಲರೂ ಹಿತ್ತಲಲ್ಲಿ ಉಣ್ಣುತ್ತಿದ್ದಾಗ ಅವನೊಬ್ಬನೇ ಒಳಗುಳಿದು ಅವನ್ನು ಸುತ್ತಿಟ್ಟಿದ್ದ. 5.40ಕ್ಕೆ ಉದ್ದದ ಸುರುಳಿಯೊಂದು ಹೊರಗೆ ಬಂತು. ಒಂದು ತುದಿ ಅರವಿಂದನ ಹೆಗಲ ಮೇಲೆ, ಇನ್ನೊಂದು ತುದಿ ಸಾಕ್ಷಾತ್ ದೂರುದಾರರ ಹೆಗಲ ಮೇಲೆ.

ವಿಡಿಯೊದಲ್ಲಿ ಉಮಾಶಂಕರರ ದನಿ ಸ್ಪಷ್ಟವಾಗಿ ಕೇಳಿಸಿತು. “ಏನಯ್ಯಾ ಇದು, ಹೆಣಭಾರ ಇದೆ?”

“ಹಳೇ ಜಮಖಾನ ಕಣೋ,” ಎಂದ ಅರವಿಂದ.

ಗಾರ್ಸಿಯಾನಿಗೆ ಭಾನುಮತಿ ಅರ್ಥ ಹೇಳಿದಳು. ಅವನು ನಕ್ಕು ನಕ್ಕು ಸುಸ್ತಾದ. ಅವಳಿಗೆ ನಗು ಬರಲಿಲ್ಲ.

ಮಂಗಳವಾರ ವಾರಂಟು ಹಿಡಿದು ಲಾಸ್ ಏಂಜಲೀಸ್ ಕಡೆ ಹೊರಟು, ಟ್ರಾಫಿಕ್ಕಿಗೆ ಶಾಪ ಹಾಕುತ್ತ ಮಧ್ಯಾಹ್ನ 3.50ಕ್ಕೆ ವುಡ್‌ಲ್ಯಾಂಡ್ ಹಿಲ್ಸ್ ತಲುಪಿದಳು. ಜೊತೆಗೆ ಅಲ್ಲಿನ ಠಾಣೆಯ ಆಫೀಸರ್ ಒಬ್ಬ. ಬಾಗಿಲು ತೆರೆದ ಅರವಿಂದ ಬ್ಯಾಡ್ಜು ನೋಡಿ ಪಕ್ಕಕ್ಕೆ ಸರಿದ.

“ಹಲಗೆ ಎಲ್ಲಿ?”

“ಸ್ಯಾನ್ ಪೆಡ್ರೊ ಬಂದರಲ್ಲಿ, ಗೋಡೌನಿನಲ್ಲಿದೆ ಮೇಡಂ. ಆ ಊರ ಅಡ್ರೆಸ್ಸಿಗೆ ಬುಕ್ ಮಾಡಿದ್ದೀನಿ. ನಾಳೆ ಬೆಳಿಗ್ಗೆ ಹಡಗು.”

“ಯಾಕೆ ತಗೊಂಡ್ರಿ?”

ಅರವಿಂದ ಸೋಫಾದ ಅಂಚಿನಲ್ಲಿ ಕೂತ. ಕಾಟೇಜಿನ ಕೆಲಸ ನೋಡಿಕೊಳ್ಳಲು ಅವನು ಆ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದ. ಯಾಕೊಬ್ ಎಂಬ ಮೀನುಗಾರನ ಮನೆಯಲ್ಲಿ ಊಟ. ಇವನು ಮೀನು ತಿನ್ನುವುದಿಲ್ಲವೆಂದು ಯಾಕೊಬನ ಹೆಂಡತಿ ದಿನಾ ಬೇರೆ ಪಾತ್ರೆಯಲ್ಲಿ ಗೆಣಸು ಬೇಯಿಸುತ್ತಿದ್ದಳು. ಊರವರು ಹಲಗೆ ಮಾರಲು ಒಪ್ಪಿರಲಿಲ್ಲ.

“ಮುಂದಿನ ಮೀನಿನ ಸೀಸನ್ನಿಗೆ ವಾಪಸ್ ತರ್ತೀವಿ, ತೋರಿಸೋಕಷ್ಟೇ ಅಂದೆ. ನನ್ನ ಮುಖ ನೋಡಿ ಕೊಟ್ರು. ಊರ ಮುಖಂಡನಿಗೆ ಏನೋ ಕೊಟ್ಟು ಉಮಾಶಂಕರ ರಸೀದಿ ಬರೆಸ್ಕೊಂಡ. ಆಮೇಲೆ ತೀರಕ್ಕೆ ಬೇಲಿ ಬಿತ್ತು. ದೋಣಿಗಳು ಬಂಡೆ ಕಡೆ ದಡ ಹತ್ತಬೇಕಾಯ್ತು. ಜನವರಿಯ ಅಲೆಗೆ ಯಾಕೊಬನ ದೋಣಿ ಬಂಡೆಗೆ ಬಡೀತು. ಅವನು ಸತ್ತ.”

“ಉಮಾಶಂಕರ ಅವ್ರನ್ನ ಕೇಳಿದ್ರಾ?”

“ಕಾಲು ಹಿಡಿಯೋದೊಂದು ಬಾಕಿ. ತಲೆ ಕೆಟ್ಟಿದ್ಯಾ, ಗೋಡೆ ಬೋಳಾಗುತ್ತೆ ಅಂದ.” ಅರವಿಂದ ಮೂಗು ಒರೆಸಿಕೊಂಡ. “ಯಾಕೊಬನ ಹೆಂಡತಿ ವಾಯ್ಸ್ ಮೆಸೇಜ್ ಕಳಿಸಿದ್ಲು. ಬೈಲಿಲ್ಲ ಮೇಡಂ. ಹಲಗೆ ಯಾವಾಗ ಬರುತ್ತೆ, ಅದಿಲ್ಲದೆ ಯಾಕೊಬನ ಕರ್ಮ ಮುಗಿಯಲ್ಲ ಅಂತ ಕೇಳಿದ್ಲು, ಅಷ್ಟೇ. ಬೈದಿದ್ರೆ ತಡ್ಕೋತಿದ್ದೆ.”

ಭಾನುಮತಿ ಫೋನು ತೆಗೆದಳು. ಅರವಿಂದ ಎದ್ದು ಕೈಮುಗಿದ.

“ನಾಳೆ ಬನ್ನಿ ಮೇಡಂ. ನಾನು ಎಲ್ಲೂ ಓಡಿಹೋಗಲ್ಲ. ಹಡಗು ಹೊರಟ ಮೇಲೆ ಏನ್ ಬೇಕಾದ್ರೂ ಮಾಡಿ.”

ಬಾಗಿಲಲ್ಲಿ ನಿಂತ ಆಫೀಸರ್ ಅವಳನ್ನೇ ನೋಡುತ್ತಿದ್ದ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವಳು ಒಂದು ಕರೆಯನ್ನೂ ನಾಳೆಗೆ ತಳ್ಳಿರಲಿಲ್ಲ. ಈಗಲೂ ತಳ್ಳಲಿಲ್ಲ. 4.15ಕ್ಕೆ ಬಂದರಿಗೆ ಕರೆ ಹೋಯಿತು. 4.20ಕ್ಕೆ ಅರವಿಂದನಿಗೆ ಬೇಡಿ ಬಿತ್ತು.

ಶುಕ್ರವಾರ ಉಮಾಶಂಕರ ಹಲಗೆ ಒಯ್ಯಲು ಠಾಣೆಗೆ ಬಂದರು.

“ಅರವಿಂದನ ಮೇಲಿನ ಕಂಪ್ಲೇಂಟ್ ವಾಪಸ್ ತಗೋತೀನಿ ಮೇಡಂ. ನಮ್ಮವನೇ ಅಲ್ವಾ. ಏನೋ ಎಮೋಷನಲ್ ಆಗಿ ಮಾಡ್ಬಿಟ್ಟಿದ್ದಾನೆ.”

“ಅದನ್ನ ಸರ್ಕಾರಿ ವಕೀಲರು ನೋಡ್ತಾರೆ. ಹಲಗೆ ಊರಿಗೆ ಕಳಿಸ್ತೀರಾ?”

“ಅದು ಬೇರೆ ವಿಷಯ. ಲೀಗಲಿ ನಂದು.”

ಹೌದು, ರಸೀದಿ ಇತ್ತು. ಅದು ಸುಳ್ಳಿನ ಮೇಲೆ ಬರೆದದ್ದೆಂದು ಅರವಿಂದ ಕೊಟ್ಟ ಹೇಳಿಕೆಯನ್ನು ಭಾನುಮತಿ ಮೇಲಧಿಕಾರಿಗೆ ತೋರಿಸಿದ್ದಳು. ಅದು ಬೇರೆ ದೇಶದ ವ್ಯವಹಾರ, ನಮ್ಮ ಕೇಸಲ್ಲ ಎಂದು ಆತ ಕಡತ ಮುಚ್ಚಿದ್ದ.

ಹೊರಗೆ ಪಾರ್ಕಿಂಗಿನಲ್ಲಿ, ಹಲಗೆ ಸಿಕ್ಕಿತೆಂದು ಕೇಳಿ ಬಂದ ಮಾರ್ತಾ ಹೊಸ ಗರಿ ಹಿಡಿದು ನಿಂತಿದ್ದಳು.

“ನಿಮ್ಮ ಮೇಲೆ ಕೇಸಿಲ್ಲ. ಮನೆಗೆ ಹೋಗಿ,” ಎಂದಳು ಭಾನುಮತಿ.

“ಹಲಗೆ ಎಲ್ಲಿ ಸಿಕ್ಕಿತು?”

“ಬಂದರಿನಲ್ಲಿ. ನಿಮ್ಮ ಊರಿಗೆ ಹೊರಟಿತ್ತು.”

ಮಾರ್ತಾ ಗರಿ ಹಿಡಿದ ಕೈ ಕೆಳಗಿಳಿಸಿದಳು.

“ಗರಿಗೆ ಚಾಕು ಬಿದ್ದಿದೆ ಅಂತ ನಾನು ಹೇಳದೇ ಇದ್ದಿದ್ದರೆ? ನನ್ನನ್ನೇ ಒಳಗೆ ಹಾಕಿದ್ದಿದ್ದರೆ ಹಲಗೆ ಊರು ಸೇರುತ್ತಿತ್ತಾ?”

“ಸೇರುತ್ತಿತ್ತು,” ಎಂದಳು ಭಾನುಮತಿ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಉಮಾಶಂಕರ ಡಿಕ್ಕಿ ತೆರೆದು ಕೂಗಿದರು. “ಮೇಡಂ, ಒಬ್ಬನ ಕೈಲಿ ಆಗಲ್ಲ. ಆ ಕಡೆ ಒಂಚೂರು ಹಿಡ್ಕೊಳ್ತೀರಾ?”

ಭಾನುಮತಿ ಹೋಗಿ ಇನ್ನೊಂದು ತುದಿ ಹಿಡಿದಳು. ಹಲಗೆ ನಿಜಕ್ಕೂ ಹೆಣಭಾರವಿತ್ತು. ಮಾರ್ತಾ ಕೈಯಲ್ಲಿದ್ದ ಗರಿಯನ್ನು ಕಟ್ಟಲಿಲ್ಲ, ಕಸದ ಡಬ್ಬಿಗೆ ಹಾಕಿ ಬಸ್ ಸ್ಟಾಪಿನ ಕಡೆ ನಡೆದಳು.