ಅಡುಗೆಮನೆ ಬಾಗಿಲಿನ ಗೆರೆಗಳು

ಚಹಾಕ್ಕೆ ನೀರಿಡಲು ಹೋದವಳು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಚೌಕಟ್ಟಿನ ಎಡಗಡೆ, ಮೊಣಕಾಲಿನಿಂದ ಎದೆಮಟ್ಟದವರೆಗಿನ ಮರ ಇರಲಿಲ್ಲ. ಯಾರೋ ಗರಗಸದಿಂದ ಕೊಯ್ದು ಒಯ್ದಿದ್ದರು.

ಬೆಂಡಿಗೋ ಊರಿನ ಈ ಮನೆಯನ್ನು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿಸಿದವನು ಚಿನ್ನದ ಗಣಿಯ ಧಣಿ. ಮುಂದೆ ಅದು ಗಾಯಾಳು ಸೈನಿಕರ ಆಸ್ಪತ್ರೆಯಾಯಿತು, ಅನಾಥಾಲಯವಾಯಿತು. ಈಗ ನಾವು ಮುದುಕಿಯರು ಚಹಾ ಹಂಚುವ, ಬೆಳಗಿನ ಹೊತ್ತು ಪುಟ್ಟ ಮಕ್ಕಳು ಆಡುವ ಜಾಗ. ಧಣಿಯ ಮಕ್ಕಳಿರಲಿ, ಅನಾಥ ಮಕ್ಕಳಿರಲಿ, ಹುಟ್ಟುಹಬ್ಬದ ದಿನ ಬರಿಗಾಲಲ್ಲಿ ಆ ಚೌಕಟ್ಟಿಗೆ ಒರಗಿ ನಿಲ್ಲಬೇಕು. ತಲೆಯ ಮಟ್ಟಕ್ಕೆ ಗೆರೆ, ಪಕ್ಕದಲ್ಲಿ ಹೆಸರು. ಇವತ್ತು ಪುರಸಭೆಯ ಅಧಿಕಾರಿ ಆ ಗೆರೆಗಳನ್ನು ನೋಡಲು ಬರುವವಳಿದ್ದಳು. ಅವಳು ಒಪ್ಪಿದರೆ ಮನೆ ಉಳಿಯುತ್ತದೆ. ಇಲ್ಲವಾದರೆ ಕೆಡವಿ ಫ್ಲ್ಯಾಟು ಕಟ್ಟುತ್ತಾರೆ.

ನನ್ನ ಗೆಳತಿ ಎನಿಡ್ ಟ್ರೆಂಬಾತ್ ನಿವೃತ್ತ ಪೊಲೀಸ್ ಸಾರ್ಜೆಂಟ್. ಕೊಯ್ದ ಅಂಚನ್ನು ಬೆರಳಿನಿಂದ ಮೆಲ್ಲಗೆ ಸವರಿದಳು.

"ನಿನ್ನೆ ಸಂಜೆ ಯಾರಿದ್ರು?"

"ಬಿಲ್ಡರ್ ರಸ್ಕ್ ಅಳತೆಗೆ ಬಂದಿದ್ದ. ಬೀಗ ಹಾಕಿದ್ದು ನಮ್ಮ ತೋಟ ನೋಡ್ಕೊಳ್ಳೋ ಲೆಸ್."

ರಸ್ಕ್ ಇವತ್ತೂ ಅಂಗಳದಲ್ಲಿ ಟೇಪು ಹಿಡಿದು ನಿಂತಿದ್ದ.

"ಗೆದ್ದಲು ತಿಂದಿರ್ಬೇಕು, ಅಜ್ಜಿ."

"ಗೆದ್ದಲಿನ ಕೈಲಿ ಗರಗಸ ಇರುತ್ತೇನಪ್ಪಾ?" ಎನಿಡ್ ಕೇಳಿದಳು.

"ನಾನಾಗಿದ್ರೆ ಇಡೀ ಚೌಕಟ್ಟನ್ನೇ ಕಿತ್ತು ಒಲೆಗೆ ಹಾಕ್ತಿದ್ದೆ. ಅರ್ಧ ಯಾಕೆ ಬಿಡ್ಲಿ?"

"ಅದು ನಿಜ," ಎಂದಳು ಎನಿಡ್. ಒಳಗೆ ಬಂದು ಲೆಸ್‌ನನ್ನು ಕರೆದಳು. ಲೆಸ್ ಹಾಕಿನ್ ತಮ್ಮನ ಜೊತೆ ಈ ಅನಾಥಾಲಯ ಸೇರಿ ಇಲ್ಲೇ ಬೆಳೆದವನು. ಈಗ ತಲೆ ಪೂರ್ತಿ ನರೆತಿದೆ.

"ಲೆಸ್, ನಿನ್ನ ತಮ್ಮ ಎಷ್ಟೆತ್ತರ ಇದ್ದ?"

ಅವನ ಕೈ ತಾನಾಗಿ ಸೊಂಟದ ಹತ್ತಿರ ಬಂದು ನಿಂತಿತು.

"ಮೇಲ್ಗಡೆ ಇರೋ ಧಣಿಯ ದೊಡ್ಡ ಮಕ್ಕಳ ಹೆಸರನ್ನ ಕಳ್ಳ ಮುಟ್ಟಿಲ್ಲ," ಎಂದಳು ಎನಿಡ್. "ಅವನಿಗೆ ಬೇಕಾಗಿದ್ದು ಒಂದು ಚಿಕ್ಕ ಮಗು. ಆಮೇಲೆ ಈ ಅಂಚು ಮುಟ್ಟಿ ನೋಡು. ಉಪ್ಪುಕಾಗದದಲ್ಲಿ ಉಜ್ಜಿದಾನೆ. ಪುಟ್ಟ ಮಕ್ಕಳ ಕೈಗೆ ಸಿಬಿರು ಚುಚ್ಚಬಾರದು ಅಂತ. ಕದಿಯುವಾಗಲೂ ಅಷ್ಟು ಯೋಚನೆ ಮಾಡೋನು ಇಲ್ಲಿ ನೀನೊಬ್ಬನೇ ಕಣೋ."

ಲೆಸ್ ಟೋಪಿ ತೆಗೆದ. "ತಮ್ಮ ರಾಬಿಯನ್ನ ದತ್ತು ಅಂತ ಯಾರ ಮನೆಗೆ ಕಳಿಸಿದ್ರೋ, ಯಾರೂ ಹೇಳ್ಲಿಲ್ಲ. ಒಂದು ಫೋಟೋನೂ ಇಲ್ಲ, ಆ ಗೆರೆ ಅಷ್ಟೇ. ನಮ್ಮಂಥೋರ ಮಾತು ಯಾವತ್ತು ನಡೆದಿದೆ? ಮನೆ ಹೇಗೂ ಬೀಳುತ್ತೆ ಅನ್ಕೊಂಡೆ. ಈಗ ತಂದು ಅಂಟಿಸಿದ್ರೆ?"

"ಕೊಯ್ದದ್ದು ಲೆಕ್ಕಕ್ಕಿಲ್ಲ ಲೆಸ್. ಅದರ ಜಾಗದಲ್ಲೇ ಇರ್ಬೇಕು ಅಂತ ಆ ಅಧಿಕಾರಿ ಬರೆದು ತಿಳಿಸಿದ್ದಾಳೆ. ಧಣಿಗಳ ಮನೆ ಈ ಊರಲ್ಲಿ ಬೇಕಾದಷ್ಟಿವೆ. ಅವಳು ನೋಡೋಕೆ ಬರ್ತಿರೋದೇ ನಿಮ್ಮ ಗೆರೆಗಳನ್ನ."

ಗೇಟಿನಲ್ಲಿ ಕಾರು ನಿಂತ ಸದ್ದಾಯಿತು. ಲೆಸ್ ತನ್ನ ವ್ಯಾನಿಗೆ ಓಡಿ, ಟವೆಲಿನಲ್ಲಿ ಸುತ್ತಿಟ್ಟಿದ್ದ ತುಂಡನ್ನು ತಂದ. ಖಾಲಿ ಜಾಗದಲ್ಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದ.

"ಹೀಗೇ ಹಿಡ್ಕೊಂಡಿದ್ರೆ ಆಗಲ್ವಾ?"

ಎನಿಡ್ ನನ್ನ ಮುಖ ನೋಡಿದಳು. ನಾನು ಏನೂ ಕಾಣದವಳಂತೆ ಅಧಿಕಾರಿಗೆಂದು ಇನ್ನೊಂದು ಚಹಾದ ಕಪ್ ಇಟ್ಟೆ.